ಕಾರವಾರದಿಂದ ಭಟ್ಕಳದವರೆಗೆ ಕೈಟ್‌ಸರ್ಫಿಂಗ್: ಐದು ದಿನದ ಯೋಜನೆ, ತಿದ್ದಿ ಕೊಡಿ

ಘಟ್ಟದ_ಮೇಲಿನವ (ಶಿರಸಿ):

ಮಾರ್ಚ್‌ನಲ್ಲಿ ಐದು ದಿನ ರಜೆ ಹೊಂದಿಸಿಕೊಂಡು ಮೂವರು ಕೈಟ್ (ದಾರದಿಂದ ಹಿಡಿದ ದೊಡ್ಡ ಗಾಳಿಪಟ; ಅದು ಎಳೆದಂತೆ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಓಡುವ ಆಟ) ಕಟ್ಟಿಕೊಂಡು ನಮ್ಮ ಜಿಲ್ಲೆಯ ಕಡಲ ದಂಡೆ ಪೂರ್ತಿ ಸುತ್ತಬೇಕು ಅಂತಿದ್ದೇವೆ. ಮೂವರೂ ರಾಮೇಶ್ವರದಲ್ಲಿ ಕಲಿತವರು. ಗಾಳಿಗೆ ಎದುರೇರಿ ಹೊರಟ ಜಾಗಕ್ಕೇ ಬರುವುದು, ನೀರಿಗೆ ಬಿದ್ದ ಕೈಟನ್ನು ಎಬ್ಬಿಸುವುದು ಬರುತ್ತದೆ. ಆದರೆ ಅಲ್ಲಿಯದು ಸೊಂಟದಷ್ಟು ಆಳದ ಸಪಾಟು ನೀರು. ತೆರೆ, ಅಳಿವೆ (ಹೊಳೆ ಕಡಲು ಸೇರುವ ಬಾಯಿ), ಸೆಳೆತ ಇರುವ ಕಡಲು ನಮಗೆ ಹೊಸತು.

ತೂಕ 62, 75, 88 ಕೆ.ಜಿ. ಕೈಯಲ್ಲಿರುವುದು ಒಂದು 9 ಮೀಟರ್, ಎರಡು 12 ಮೀಟರ್ ಕೈಟ್ (ಚದರ ಮೀಟರ್ ಲೆಕ್ಕ). ಬೋರ್ಡ್ ಮೂರೂ 138 ಸೆಂ.ಮೀ. ಟ್ವಿನ್‌ಟಿಪ್ (ಎರಡೂ ತುದಿ ಒಂದೇ ಥರ ಇರುವುದು). ವಾಹನ ಒಂದು ಕಾರು, ಒಂದು ಸ್ಕೂಟರ್.

ಈಗಿನ ಯೋಜನೆ: ಮೊದಲ ದಿನ ಭಟ್ಕಳದ ಜಾಲಿ ಮತ್ತು ಮುರ್ಡೇಶ್ವರ, ಎರಡನೇ ದಿನ ಹೊನ್ನಾವರ, ಮೂರನೇ ದಿನ ಕುಮಟಾ, ನಾಲ್ಕನೇ ದಿನ ಗೋಕರ್ಣದ ಓಂ ಬೀಚ್, ಕೊನೆಗೆ ಕಾರವಾರದ ದೇವಬಾಗ. ದಿನಾ ಬೆಳಿಗ್ಗೆ 8ರಿಂದ 11 ನೀರಿನಲ್ಲಿ, ಮಧ್ಯಾಹ್ನದ ಮೇಲೆ ಪ್ರಯಾಣ. ಇದು ನಡೆಯುತ್ತದಾ? ಸಾಮಾನು ಸಾಕಾ?

ಅಳಿವೆ_ಕಡೆಯವ (ಕುಮಟಾ):

ಮಾರಾಯ್ರೆ, ಹೊತ್ತು ಪೂರ್ತಿ ತಿರುಗಿಸಿ. ಬೆಳಿಗ್ಗೆ ಪ್ರಯಾಣ, ಮಧ್ಯಾಹ್ನದ ಮೇಲೆ ನೀರು.

ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುವ ಮೂಡುಗಾಳಿ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ಇಳಿದು ಬರುತ್ತದೆ. ತೆಂಗಿನ ತೋಟ, ಗಾಳಿಮರದ ಸಾಲು ದಾಟಿ ಬರುವುದರಿಂದ ದಂಡೆಯಲ್ಲಿ ತುಂಡು ತುಂಡಾಗಿ ಸಿಗುತ್ತದೆ, ನೂರಿನ್ನೂರು ಮೀಟರ್ ಆಚೆ ಹೋದರೆ ಸರಾಗ. ಅಪಾಯ ಇರುವುದೇ ಅಲ್ಲಿ: ದಂಡೆಯಲ್ಲಿ ಏನೂ ಇಲ್ಲ ಅನಿಸುವ ಗಾಳಿ ಆಚೆ ಹೋದವನನ್ನು ಇನ್ನೂ ಆಚೆಗೇ ಒಯ್ಯುತ್ತದೆ. ಮೂಡುಗಾಳಿಯಲ್ಲಿ ಈ ಕರಾವಳಿಯಲ್ಲಿ ಕೈಟ್ ಏರಿಸುವುದೇ ಬೇಡ.

ನಿಮಗೆ ಬೇಕಾದ್ದು ಕಡಲಗಾಳಿ. ಮಾರ್ಚ್‌ನಲ್ಲಿ ನಡುಹಗಲ ಹೊತ್ತಿಗೆ ಶುರುವಾಗಿ, 2ರಿಂದ 5ರ ನಡುವೆ ಬಲವಾಗಿ, ಹೊತ್ತು ಮುಳುಗುವ ಮೊದಲೇ ಇಳಿಯುತ್ತದೆ. ದಿಕ್ಕು ವಾಯವ್ಯ. ಒಳ್ಳೆಯ ದಿನ 12ರಿಂದ 15 ನಾಟ್, ಸಾಧಾರಣ ದಿನ 10-11. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಅಂದರೆ 12 ನಾಟ್ ಸುಮಾರು 22 ಕಿ.ಮೀ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಒಡೆಯಲು ಶುರುವಾಯಿತು ಅಂದರೆ 10-12 ನಾಟ್ ಬಂತು ಅಂತ ಲೆಕ್ಕ. ಜಾಗತಿಕ ಮುನ್ಸೂಚನೆ ಮಾದರಿಗಳ ಒಂದೊಂದು ಚೌಕ 9 ಕಿ.ಮೀ. ಇಲ್ಲವೇ ಅದಕ್ಕಿಂತ ಅಗಲ. ಕರಾವಳಿಯ ಚೌಕದಲ್ಲಿ ಅರ್ಧ ನೆಲ, ಅರ್ಧ ನೀರು. ಹಾಗಾಗಿ ಆ್ಯಪ್ ಹೆಚ್ಚಾಗಿ ಕಡಲಗಾಳಿಯನ್ನು ಕಡಿಮೆಯೇ ತೋರಿಸುತ್ತದೆ. ದಿಕ್ಕು ಮತ್ತು ಮೋಡ ನೋಡಲು ಅದು ಸಾಕು, ಬಲ ತಿಳಿಯಲು ದಂಡೆಗೇ ಹೋಗಿ ನೋಡಬೇಕು.

ಇನ್ನು ಜಾಗ. ನಮ್ಮ ದಂಡೆ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಕಡಲಿಗೆ ಮುಖ ಮಾಡಿ ನಿಂತರೆ ವಾಯವ್ಯದ ಗಾಳಿ ಬಲಗಡೆ ಎದುರಿನಿಂದ ಬರುತ್ತದೆ. ಕೈಟ್ ಕೈಕೊಟ್ಟರೆ ದಂಡೆಗೇ ತಂದು ಹಾಕುತ್ತದೆ, ಅದು ಒಳ್ಳೆಯದು. ಆದರೆ ಜೊತೆಗೆ ದಕ್ಷಿಣಕ್ಕೂ ಸರಿಸುತ್ತದೆ. ಆದ್ದರಿಂದ ಯಾವ ಬೀಚಾದರೂ ಮೊದಲು ಕೇಳಬೇಕಾದ್ದು: ಇದರ ದಕ್ಷಿಣಕ್ಕೆ ಏನಿದೆ? ಅಳಿವೆ ಇದ್ದರೆ ಆ ಜಾಗ ಬೇಡ. ಅಳಿವೆ ಉತ್ತರಕ್ಕಿದ್ದು, ಅದರಿಂದ ಒಂದು ಕಿ.ಮೀ. ದಕ್ಷಿಣಕ್ಕೆ ಬಿಟ್ಟು ನೀವು ನಿಂತಿದ್ದರೆ ತೊಂದರೆ ಇಲ್ಲ. ಸರಿದಷ್ಟೂ ಅಳಿವೆಯಿಂದ ದೂರವೇ ಹೋಗುತ್ತೀರಿ.

ಈ ಲೆಕ್ಕದಲ್ಲಿ ನಿಮ್ಮ ಪಟ್ಟಿ ನೋಡೋಣ. ದೇವಬಾಗ ಬಿಡಿ: ಅದು ಕಾಳಿ ಹೊಳೆಯ ಉತ್ತರ ದಡ, ಸರಿದರೆ ನೇರ ಅಳಿವೆಗೆ. ಕಾರವಾರದ ಟಾಗೋರ್ ಬೀಚ್ ಕಾಳಿಯ ದಕ್ಷಿಣಕ್ಕಿದೆ ನಿಜ, ಆದರೆ ಅದರ ದಕ್ಷಿಣದ ತುದಿಗೆ ಬೈತಖೋಲ ಬಂದರು. ಹಡಗು, ಟ್ರಾಲರ್ ಓಡಾಡುವ ದಾರಿ. ಅಲ್ಲಿನ ಗುಡ್ಡ ದಾಟಿದ ಮೇಲೆ ಅರ್ಗಾ ಸುತ್ತಲಿನ ಕಡಲು ನೌಕಾನೆಲೆಯದು. ಅಲ್ಲಿಗೆ ತೇಲಿಹೋದರೆ ಮುಳುಗುವ ಅಪಾಯದ ಜೊತೆ ಕಾನೂನಿನ ತೊಡಕೂ ಬರುತ್ತದೆ. ಡ್ರೋನ್ ಇದ್ದರೆ ಕಾರವಾರದಲ್ಲಿ ಚೀಲದಿಂದ ತೆಗೆಯಲೇಬೇಡಿ. ಗಾಳಿಗೆ ಎದುರೇರುವುದು ಪಕ್ಕಾ ಇದ್ದರೆ ಮಾತ್ರ ಬೀಚಿನ ಮಧ್ಯಭಾಗದಲ್ಲಿ ಆಡಬಹುದು. ನಿಮ್ಮ ಮೊದಲ ದಿನಕ್ಕಂತೂ ಅದಲ್ಲ.

ಓಂ ಬೀಚ್ ಬೇಡ. ಎರಡೂ ಕಡೆ ಬಂಡೆ, ಹಿಂದೆ ಗುಡ್ಡ, ಗಾಳಿ ಸುಳಿಯುತ್ತದೆ. ಕುಡ್ಲೆಗೂ ಅದೇ ಮಾತು. ಗೋಕರ್ಣದಲ್ಲಿ ಆಡುವುದಾದರೆ ಉತ್ತರಕ್ಕೆ ದುಬ್ಬನಶಶಿ ಕಡೆ ಹೋಗಿ. ಗಂಗಾವಳಿ ಅಳಿವೆಯ ದಕ್ಷಿಣಕ್ಕೆ ಉದ್ದದ ಮರಳು, ಜನ ಕಡಿಮೆ. ಅಲ್ಲಿಂದ ಗಾಳಿ ಹಿಡಿದು ಗೋಕರ್ಣದ ಮುಖ್ಯ ಬೀಚಿನ ಕಡೆ ಇಳಿದು ಬರಬಹುದು, ಆದರೆ ಯಾತ್ರಿಕರು ಮೀಯುವ ಜಾಗಕ್ಕಿಂತ ಬಹಳ ಮುಂಚೆಯೇ ದಂಡೆ ಹಿಡಿಯಬೇಕು.

ನಿಮಗೆ ಅತ್ಯುತ್ತಮ ಅಂದರೆ ಧಾರೇಶ್ವರ. ಹೆದ್ದಾರಿಗೆ ಹತ್ತಿರ, ನೇರವಾದ ಉದ್ದ ದಂಡೆ, ಪಕ್ಕದಲ್ಲಿ ದೊಡ್ಡ ಹೊಳೆ ಇಲ್ಲ. ಮೊದಲ ದಿನ ಅಲ್ಲೇ ಇಳಿಯಿರಿ. ಎರಡನೆಯದು ಶರಾವತಿಯ ದಕ್ಷಿಣಕ್ಕೆ ಕಾಸರಕೋಡ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು. ಅಲ್ಲಿ ಈಜಲು ಗುರುತು ಮಾಡಿದ ಜಾಗ ಇದೆ, ಅದರೊಳಗೆ ಕೈಟ್ ಒಯ್ಯುವಂತಿಲ್ಲ. ಜೀವರಕ್ಷಕರನ್ನು ಕೇಳಿ ಇನ್ನೂ ದಕ್ಷಿಣಕ್ಕೆ, ಅಪ್ಸರಕೊಂಡದ ದಿಕ್ಕಿಗೆ ಸರಿದು ಇಳಿಯಿರಿ. ಎದುರು ದಡದ ಪಾವಿನಕುರ್ವಾ ಎಷ್ಟು ಚಂದ ಕಂಡರೂ ಅದು ಅಳಿವೆಯ ಉತ್ತರ. ಮುರ್ಡೇಶ್ವರದಲ್ಲಿ ಪ್ರವಾಸಿಗರು, ನೇತ್ರಾಣಿಗೆ ಹೋಗುವ ದೋಣಿಗಳು ಎಲ್ಲ ಒಂದೇ ಕಡೆ ಸೇರುತ್ತವೆ. ಕೈಟಿನ 24 ಮೀಟರ್ ದಾರಕ್ಕೆ ಅಲ್ಲಿ ಜಾಗ ಇಲ್ಲ.

ದಿನಕ್ಕೊಂದು ಊರು ಅನ್ನುವುದನ್ನೂ ಬಿಡಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿ.ಮೀ.ಗೆ ಕುಮಟಾ. ಅಲ್ಲೇ ಕೋಣೆ ಮಾಡಿ. ಗೋಕರ್ಣ ಸುಮಾರು 30, ಕಾಸರಕೋಡ 20ರ ಆಸುಪಾಸು, ಧಾರೇಶ್ವರ ಹತ್ತಕ್ಕಿಂತ ಕಡಿಮೆ. ಯಾವ ದಿನ ಯಾವ ಬೀಚು ಅನ್ನುವುದನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ, ಪಂಚಾಂಗ ನೋಡಿ.

ಘಟ್ಟದ_ಮೇಲಿನವ (ಶಿರಸಿ):

ಬಹಳ ಉಪಕಾರ ಆಯಿತು. ಪಂಚಾಂಗದ್ದು ಸ್ವಲ್ಪ ಬಿಡಿಸಿ ಹೇಳಿ. ಗಾಳಿ ದಂಡೆಯ ಕಡೆಗೇ ಬೀಸುತ್ತಿದ್ದರೆ ಅಳಿವೆಗೆ ಅಷ್ಟು ಹೆದರಬೇಕಾ?

ಅಳಿವೆ_ಕಡೆಯವ (ಕುಮಟಾ):

ಹೆದರಬೇಕು. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಆ ಒಂದೇ ಬಾಯಿಂದ ಕಡಲಿಗೆ ನುಗ್ಗುತ್ತದೆ. ಗಾಳಿ ಒಳಗೆ, ನೀರು ಹೊರಗೆ. ಎರಡೂ ಎದುರಾದಲ್ಲಿ ತೆರೆ ಕಡಿದಾಗಿ, ಹತ್ತಿರ ಹತ್ತಿರ ಎದ್ದು ಒಡೆಯುತ್ತದೆ. ಬೋರ್ಡ್ ಕಳಚಿ ನೀರಿಗೆ ಬಿದ್ದವನನ್ನು ಎಳೆಯುವುದು ನೀರು, ಗಾಳಿ ಅಲ್ಲ. ಕೈಟ್ ಮೇಲೆ ಹಾರುತ್ತಿರುವಾಗಲೇ ಮನುಷ್ಯ ಆಚೆಗೆ ಹೋಗುತ್ತಿರುತ್ತಾನೆ. ಅಳಿವೆಯ ಬಾಯಿಯ ಮರಳ ದಿಬ್ಬ ಮಳೆಗಾಲ ಕಳೆದಂತೆಲ್ಲ ಜಾಗ ಬದಲಿಸುತ್ತದೆ, ಕಳೆದ ವರ್ಷದ ಉಪಗ್ರಹ ಚಿತ್ರ ನಂಬಬೇಡಿ.

ತಿಥಿಯ ಲೆಕ್ಕ ಹೀಗೆ. ಭರತದಿಂದ (ಅಂದರೆ ಉಬ್ಬರ) ಇಳಿತಕ್ಕೆ ಆರು ಗಂಟೆ ಚಿಲ್ಲರೆ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ನಡುಹಗಲ ಸುಮಾರಿಗೆ ಭರತ ತುಂಬಿ, ಸಂಜೆ ಐದಾರರ ಹೊತ್ತಿಗೆ ಇಳಿತ ಮುಗಿಯುತ್ತದೆ. ಅಂದರೆ ಒಳ್ಳೆಯ ಗಾಳಿ ಇರುವ ಮೂರು ಗಂಟೆಯೂ ಜೋರಾದ ಇಳಿತವೇ. ಅಷ್ಟಮಿಯ ಆಚೀಚೆ ಇದು ಅದಲುಬದಲು: ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಇಳಿತ, ಸಂಜೆಗೆ ಭರತ, ಏರಿಳಿತವೂ ಕಡಿಮೆ. ಮಧ್ಯಾಹ್ನ ನೀರು ಒಳಗೆ ಬರುತ್ತಿರುತ್ತದೆ.

ಹಾಗಾಗಿ ಅಷ್ಟಮಿಯ ಸುತ್ತಲಿನ ದಿನಗಳಿಗೆ ಕಾಸರಕೋಡ, ದುಬ್ಬನಶಶಿ. ಬೆಳಗಿನ ಇಳಿತದಲ್ಲಿ ದಂಡೆ ನಡೆದು ಬಂಡೆ, ದಿಬ್ಬ, ಹಳೆ ಬಲೆಯ ತುಂಡು ಎಲ್ಲಿದೆ ನೋಡಿಟ್ಟುಕೊಳ್ಳಲೂ ಆಗುತ್ತದೆ. ಹುಣ್ಣಿಮೆ-ಅಮಾವಾಸ್ಯೆಗೆ ಧಾರೇಶ್ವರ: ಸಂಜೆ ನೀರು ಹಿಂದೆ ಸರಿದು ಅಗಲವಾದ ಗಟ್ಟಿ ಮರಳು ಸಿಗುತ್ತದೆ, ಕೈಟ್ ಏರಿಸಲು ಇಳಿಸಲು ಸುಲಭ. ಐದೇ ದಿನ ಇರುವುದರಿಂದ ಅಷ್ಟಮಿ ಮಧ್ಯಕ್ಕೆ ಬರುವ ಹಾಗೆ ರಜೆ ಹಾಕಿದರೆ ಎಲ್ಲ ಕಡೆ ಆಡಬಹುದು. ನಿಖರ ಸಮಯಕ್ಕೆ ಕಾರವಾರದ ಭರತ-ಇಳಿತದ ಪಟ್ಟಿ ನೋಡಿ, ತಿಥಿ ಬರೀ ಅಂದಾಜಿಗೆ.

ಒಂದು ಮಾತು: ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಹಿಂದಿನ ದಿನ. ಗೋಕರ್ಣ, ಧಾರೇಶ್ವರ, ಮುರ್ಡೇಶ್ವರ ಮೂರೂ ಕಡೆ ಜಾತ್ರೆಯ ಜನ. ಆ ವಾರ ಬರಲೇಬೇಡಿ.

ಬಾರ್_ಮತ್ತು_ದಾರ (ಹೊನ್ನಾವರ):

ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ. ಟ್ವಿನ್‌ಟಿಪ್‌ಗೆ ಒರಟು ಲೆಕ್ಕ: ತೂಕವನ್ನು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 12 ನಾಟ್‌ಗೆ 62 ಕೆ.ಜಿ.ಯವರಿಗೆ ಹನ್ನೊಂದೂವರೆ ಮೀಟರ್, 75ಕ್ಕೆ ಹದಿನಾಲ್ಕರ ಹತ್ತಿರ, 88ಕ್ಕೆ ಹದಿನಾರು. ಅಂದರೆ ನಿಮ್ಮ ಕೈಟುಗಳಲ್ಲಿ 12 ನಾಟ್ ಇದ್ದಾಗ ನಿಜವಾಗಿ ಓಡುವವರು ಒಬ್ಬರೇ. 88 ಕೆ.ಜಿ.ಯವರು 12 ಮೀಟರಿನಲ್ಲಿ ಹದಿನಾರು ನಾಟ್‌ಗೆ ಕಾಯುತ್ತ ಕೂರಬೇಕಾಗುತ್ತದೆ. 15ರಿಂದ 17 ಮೀಟರಿನ ಹಗುರ ಗಾಳಿಯ ಕೈಟ್ ಒಂದನ್ನು ಬಾಡಿಗೆಗೋ ಎರವಲೋ ತನ್ನಿ. ಗೋವಾದ ಮೋರ್ಜಿ, ಆಶ್ವೆ ಕಡೆ ಈ ಆಟ ಆಡುವವರು ಇದ್ದಾರೆ, ಅಲ್ಲಿ ವಿಚಾರಿಸಿ. ಅದರ ಜೊತೆಗೆ 150 ದಾಟಿದ, 45 ಸೆಂ.ಮೀ. ಅಗಲದ ಚಪ್ಪಟೆ ಬೋರ್ಡ್ ಒಂದು. ಹಗುರ ಗಾಳಿಯಲ್ಲಿ ದೊಡ್ಡ ಬೋರ್ಡ್ ಮಾಡುವ ಉಪಕಾರವನ್ನು ಜನ ಮರೆಯುತ್ತಾರೆ: ಬೇಗ ನೀರಿನ ಮೇಲೇಳುತ್ತದೆ, ಎದುರೇರುವುದೂ ಸುಲಭ. ದುಡ್ಡು ಒಂದಕ್ಕೇ ಇದ್ದರೆ ಮೊದಲು ಬೋರ್ಡ್. 9 ಮೀಟರನ್ನು ಮನೆಯಲ್ಲೇ ಬಿಟ್ಟರೂ ನಡೆಯುತ್ತದೆ.

ಫಾಯಿಲ್ ಬೋರ್ಡ್ (ಕೆಳಗೆ ಕಂಬ, ಅದರ ತುದಿಗೆ ನೀರೊಳಗಿನ ರೆಕ್ಕೆ ಇರುವುದು) ಇದ್ದರೆ 10 ನಾಟ್‌ಗೂ ಆಗುತ್ತದಲ್ಲ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಅದರ ಕಂಬ 75ರಿಂದ 90 ಸೆಂ.ಮೀ. ನೀರೊಳಗೆ ಇಳಿದಿರುತ್ತದೆ. ನಮ್ಮ ದಂಡೆ ಇಳಿಜಾರು ಕಡಿಮೆ, ಮಧ್ಯೆ ಮಧ್ಯೆ ದಿಬ್ಬ. ಓಟದಲ್ಲಿ ದಿಬ್ಬಕ್ಕೆ ತಾಗಿದರೆ ಮನುಷ್ಯ ಮುಂದಕ್ಕೆ ಹಾರುತ್ತಾನೆ. ತೇಲು ಬಲೆಯ ಹಗ್ಗಕ್ಕೂ ಅದೇ ಮೊದಲು ಸಿಕ್ಕಿಕೊಳ್ಳುವುದು. ಹೊಸ ನೀರಿಗೆ ಅದು ಬೇಡ.

ಈ ಸೀಮೆಯಲ್ಲಿ ಹಾಳಾಗುವುದು ಹೆಚ್ಚಾಗಿ ಬ್ಲ್ಯಾಡರ್ (ಕೈಟಿನೊಳಗೆ ಗಾಳಿ ತುಂಬುವ ಟ್ಯೂಬ್), ಅದೂ ಬಿಸಿಲಿಗೆ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವಾಲ್ವ್ ಅಂಟಿಸಿದ ಗೋಂದು ಮೆತ್ತಗಾಗಿ ಬುಡದಿಂದ ಬಿಟ್ಟುಕೊಳ್ಳುತ್ತದೆ. ಕೈಟನ್ನು ಸೀಟಿನ ಕೆಳಗೆ, ಬಿಳಿ ಪಂಚೆ ಮುಚ್ಚಿ ಇಡಿ, ಕಾರು ನೆರಳಿಗೆ ಹಾಕಿ. ಗಾಳಿ ತುಂಬುವಾಗ ಕೈಟಿನ ಮೇಲೆ ಬರೆದಷ್ಟೇ ತುಂಬಿ, ತುಂಬಿದ್ದನ್ನು ಬಿಸಿ ಮರಳಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಒಳಗಿನ ಗಾಳಿ ಕಾದು ಒತ್ತಡ ಏರುತ್ತದೆ, ಹಳೆ ಹೊಲಿಗೆ ಇದ್ದರೆ ಬಾಯಿ ಬಿಡುತ್ತದೆ. ಇನ್ನೊಂದು ಶತ್ರು ರಾವಣನ ಮೀಸೆ. ದಂಡೆಯ ಮೇಲ್ಭಾಗದಲ್ಲಿ ಬೆಳೆಯುವ ಆ ಹುಲ್ಲಿನ ತುದಿ ಸೂಜಿಯ ಹಾಗೆ. ಗಾಳಿಮರದ ಒಣ ಕಾಯಿಯೂ ಚುಚ್ಚುತ್ತದೆ. ಕೈಟ್ ಹರಡುವುದು ಒದ್ದೆ ಮರಳಿನ ಮೇಲೆ ಮಾತ್ರ.

ತೂತಾದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಗುರುತು ಹಾಕಿ, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಟಿಪಿಯು (ಬ್ಲ್ಯಾಡರಿನದೇ ಥರದ ಪ್ಲಾಸ್ಟಿಕ್) ಪಟ್ಟಿ ಅಂಟಿಸಿ. ಸೈಕಲ್ ಪಂಕ್ಚರಿನ ಸೊಲ್ಯೂಷನ್ ಇದಕ್ಕೆ ಹಿಡಿಯುವುದಿಲ್ಲ, ಅದು ರಬ್ಬರಿಗೆ. ಬಟ್ಟೆ ಹರಿದರೆ ರಿಪ್‌ಸ್ಟಾಪ್ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಬದಿಗೆ ಹಾಕಿ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಇವುಗಳ ಜೊತೆ ಪಂಪಿನ ಮೂತಿಗಳು, ಬಿಡಿ ಪಿಗ್‌ಟೇಲ್ (ದಾರವನ್ನು ಕೈಟಿಗೆ ಜೋಡಿಸುವ ಗಿಡ್ಡ ಹುರಿ) ನಾಲ್ಕು, ಫಿನ್‌ನ ಎಂ6 ಸ್ಕ್ರೂ ಹತ್ತು, ದಪ್ಪ ತಲೆಯ ಸ್ಕ್ರೂಡ್ರೈವರ್. ದಾರ ತುಂಡಾದರೆ ಬಂದರಿನ ಅಂಗಡಿಯ ನೈಲಾನ್ ಹಗ್ಗ ಕಟ್ಟಬೇಡಿ. ಅದು ಹಿಗ್ಗುತ್ತದೆ, ಕೈಟ್ ಒಂದೇ ಕಡೆ ಎಳೆಯುತ್ತದೆ. ಹಿಗ್ಗದ ಡೈನೀಮಾ ದಾರವೇ ಬೇಕು, ಅದು ಊರಿಂದಲೇ ಬರಬೇಕು.

ಹೊರಡುವ ಮೊದಲು ನಾಲ್ಕೂ ದಾರವನ್ನು ಒಂದೇ ಗೂಟಕ್ಕೆ ಸಿಕ್ಕಿಸಿ, ಬಾರ್ (ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು) ಹಿಡಿದು ಎಳೆದು ಉದ್ದ ಸಮ ಇದೆಯಾ ನೋಡಿ. ಹಗುರ ಗಾಳಿಯಲ್ಲಿ ಹಿಂದಿನ ದಾರ ಒಂದೆರಡು ಇಂಚು ಗಿಡ್ಡವಾಗಿದ್ದರೂ ಕೈಟ್ ಹಿಂದಕ್ಕೆ ಜಾರಿ ಬೀಳುತ್ತದೆ. ಗಾಳಿ ಇಲ್ಲ ಅಂತ ಬೈಯುವವರಲ್ಲಿ ಕೆಲವರದ್ದು ಗಾಳಿಯ ತಪ್ಪೇ ಅಲ್ಲ, ದಾರದ್ದು.

ಟೊಂಕದ_ತೀರ (ಕಾಸರಕೋಡ):

ಬಲೆಯ ವಿಷಯ ಸೇರಿಸುತ್ತೇನೆ. ಬಂಗಡೆಯ ಹಿಂಡು ದಂಡೆಗೆ ಹತ್ತಿರ ಬಂದ ದಿನ ರಂಪಣಿ ಬಲೆ ಬಿಡುತ್ತಾರೆ. ಹಗ್ಗದ ಒಂದು ತುದಿ ಮರಳಿನ ಮೇಲೆ, ಬಲೆ ಅರ್ಧಚಂದ್ರವಾಗಿ ಕಡಲೊಳಗೆ, ಇನ್ನೊಂದು ತುದಿ ದೂರದಲ್ಲಿ ಮತ್ತೆ ದಂಡೆಗೆ. ಹತ್ತಾರು ಜನ ಎಳೆಯುತ್ತಿರುತ್ತಾರೆ. ಆ ಎರಡು ತುದಿಗಳ ನಡುವೆ ನೀರಿಗೆ ಇಳಿಯಲೇಬಾರದು, ಬಲೆ ಮೇಲೆ ಬರುವವರೆಗೆ ಕೈಟನ್ನೂ ಏರಿಸಬಾರದು. ಮೀನು ಬೆದರಿದರೆ ಅಷ್ಟೂ ಜನರ ಆ ದಿನದ ದುಡಿಮೆ ಹೋಯಿತು. ಪಾತಿ (ಸಣ್ಣ) ದೋಣಿಯವರು ಬಿಟ್ಟ ಬಲೆಗೆ ಥರ್ಮಾಕೋಲಿನ ತುಂಡೋ ಬಾಟಲಿಯೋ ತೇಲುಗುರುತು. ಅದನ್ನು ಕಂಡರೆ ಇನ್ನೊಂದು ಗುರುತು ಎಲ್ಲಿದೆ ಅಂತ ಹುಡುಕಿ, ಎರಡರ ಮಧ್ಯೆ ದಾಟಬೇಡಿ.

ದಂಡೆಗೆ ಬಂದ ಕೂಡಲೇ ದೋಣಿ ಹತ್ತಿರ ಕೂತ ಹಿರಿಯರಲ್ಲಿ ಹೋಗಿ, "ಇವತ್ತು ಬಲೆ ಎಲ್ಲಿ ಬಿಟ್ಟಿದ್ದೀರಿ, ನಾವು ಎಲ್ಲಿ ಆಡಿದರೆ ತೊಂದರೆ ಇಲ್ಲ" ಅಂತ ಕೇಳಿ. ಸೆಳೆತ ಎಲ್ಲಿದೆ, ಈ ವರ್ಷ ದಿಬ್ಬ ಎಲ್ಲಿಗೆ ಸರಿದಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಕಾಸರಕೋಡದ ಟೊಂಕದಲ್ಲಿ ಮರಳಿನ ಮೇಲೆ ಮೀನು ಒಣಗಿಸಿರುತ್ತಾರೆ, ಅದರ ಮೇಲೆ ದಾರ ಹರಡಬೇಡಿ.

ಮಾರ್ಚ್ ಅಂದರೆ ಕಡಲಾಮೆ ಮೊಟ್ಟೆಯ ಕಾಲ ಇನ್ನೂ ಮುಗಿದಿರುವುದಿಲ್ಲ. ಆಲಿವ್ ರಿಡ್ಲೆ ಆಮೆ ನಮ್ಮ ದಂಡೆಗೆ ಬಂದು ಮೊಟ್ಟೆ ಇಡುತ್ತದೆ, ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಹಾಕಿರುತ್ತಾರೆ. ಕಾರನ್ನಾಗಲಿ ಸ್ಕೂಟರನ್ನಾಗಲಿ ಮರಳಿಗೆ ಇಳಿಸಬೇಡಿ. ಬೇಲಿ ಹಾಕದ ಗೂಡೂ ಇರಬಹುದು.

ಹೊಳೆಯ ಬಾಯಿಯ ಹತ್ತಿರ ತೆಳು ನೀರಿನಲ್ಲಿ ತೊರಕೆ (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನು) ಮರಳೊಳಗೆ ಹುದುಗಿರುತ್ತದೆ. ಕಾಲು ಎತ್ತಿ ಇಡದೆ ಮರಳಿಗೆ ಉಜ್ಜುತ್ತ ನಡೆದರೆ ಅದೇ ಸರಿದು ಹೋಗುತ್ತದೆ. ಮುಳ್ಳು ಹೊಡೆದರೆ ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲು ಇಟ್ಟು ಆಮೇಲೆ ಆಸ್ಪತ್ರೆಗೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು.

ಘಟ್ಟದ_ಮೇಲಿನವ (ಶಿರಸಿ):

ಯೋಜನೆ ಬದಲಾಯಿಸಿದೆವು. ಅಷ್ಟಮಿ ಮೂರನೇ ದಿನಕ್ಕೆ ಬರುವ ಹಾಗೆ ಹೊರಡುವುದು, ಕುಮಟಾದಲ್ಲಿ ಉಳಿಯುವುದು. ಮೊದಲ ದಿನ ಧಾರೇಶ್ವರ, ಮಧ್ಯದ ಮೂರು ದಿನ ಕಾಸರಕೋಡ ಮತ್ತು ದುಬ್ಬನಶಶಿ, ಕೊನೆಯ ದಿನ ಮತ್ತೆ ಧಾರೇಶ್ವರ. ರಜೆ ಸಿಗದಿದ್ದರೆ ಏಪ್ರಿಲ್ ಕೊನೆಗೆ ಹಾಕಬಹುದಾ? ಮೂವರಲ್ಲಿ ಒಬ್ಬರು ದಂಡೆಯಲ್ಲಿರಬೇಕಾ?

ಅಳಿವೆ_ಕಡೆಯವ (ಕುಮಟಾ):

ಒಬ್ಬರು ದಂಡೆಯಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಕೈಟ್ ಏರಿಸಲು ಇಳಿಸಲು ಕೈ ಬೇಕು, ಜನರನ್ನು ದಾರದಿಂದ ದೂರ ನಿಲ್ಲಿಸಬೇಕು, ದೃಷ್ಟಿ ನೀರಿನ ಮೇಲಿರಬೇಕು. ಆ ವ್ಯಕ್ತಿಯ ಫೋನಿನಲ್ಲಿ 112, ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಮೊದಲೇ ಇರಲಿ. ಇಳಿಯುವ ದಿನ ಬೆಳಿಗ್ಗೆ ಹತ್ತಿರದ ಕರಾವಳಿ ಕಾವಲು ಠಾಣೆಗೆ ಹೋಗಿ ಎಲ್ಲಿ, ಎಷ್ಟು ಜನ, ಕೈಟಿನ ಬಣ್ಣ ಏನು ಅಂತ ತಿಳಿಸಿ. ಬೇಡ ಅಂದರೆ ಆ ದಿನ ಬೇಡ.

ಏಪ್ರಿಲ್ ಕೊನೆಗೆ ಗಾಳಿ ಇನ್ನೂ ಬಲ, ಆದರೆ ಎರಡು ಹೊಸ ಅಪಾಯ. ಮಧ್ಯಾಹ್ನದ ಮೇಲೆ ಘಟ್ಟದ ಮೇಲೆ ಹೂಕೋಸಿನಂಥ ಮೋಡ ಎದ್ದು ಸಂಜೆಗೆ ಕಡಲ ಕಡೆ ಇಳಿಯುತ್ತದೆ. ಅದರ ಮುಂದೆ ಓಡಿ ಬರುವ ಗಾಳಿ ಮೂಡಣದಿಂದ, ಇದ್ದದ್ದರ ಎರಡರಷ್ಟು ಬಲದಲ್ಲಿ, ಒಂದೆರಡು ನಿಮಿಷದಲ್ಲಿ ಬಡಿಯುತ್ತದೆ. 15 ಮೀಟರ್ ಕೈಟಿನಲ್ಲಿ ಅದಕ್ಕೆ ಸಿಕ್ಕವನನ್ನು ಹಿಡಿಯುವವರಿಲ್ಲ. ಗುರುತು ಇಷ್ಟೇ: ಮೂಡಣದ ಆಕಾಶ ಕಪ್ಪಾಯಿತು, ಚೆನ್ನಾಗಿದ್ದ ಕಡಲಗಾಳಿ ಸಟ್ಟನೆ ನಿಂತಿತು. ನಿಂತ ಕೂಡಲೇ ದಂಡೆಗೆ ಬಂದು ಕೈಟ್ ಇಳಿಸಿ ಗಾಳಿ ಬಿಡಿ. "ಇನ್ನೊಂದು ಸುತ್ತು" ಅನ್ನುವುದು ಬೇಡ. ಎರಡನೆಯದು ಕಳ್ಳಕ್ಕಡಲ್: ದಕ್ಷಿಣದ ಮಹಾಸಾಗರದಲ್ಲಿ ಎದ್ದ ಉದ್ದನೆ ಅಲೆ ಇಲ್ಲಿ ಆಕಾಶ ತಿಳಿಯಾಗಿದ್ದಾಗಲೇ ದಂಡೆಗೆ ಅಪ್ಪಳಿಸುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದಕ್ಕೆ ಮುನ್ಸೂಚನೆ ಕೊಡುತ್ತದೆ, ದಿನಾ ಬೆಳಿಗ್ಗೆ ನೋಡಿ. ಮೇ ಕೊನೆಯಿಂದ ಮಳೆಗಾಲ ಮುಗಿಯುವವರೆಗೆ ಈ ಕಡಲಿಗೆ ಇಳಿಯುವ ಯೋಚನೆಯೇ ಬೇಡ.

ಹೊರಡುವ ಮೊದಲು ಆಳ ನೀರಿನಲ್ಲಿ ತಾವೇ ಪಾರಾಗುವ ಅಭ್ಯಾಸವನ್ನು ಮೂವರೂ ಇನ್ನೊಮ್ಮೆ ಮಾಡಿ. ಸಪಾಟು ನೀರಿನಲ್ಲಿ ಕಲಿತವರು ಅಲ್ಲಿ ನಡೆದೇ ದಂಡೆಗೆ ಬರುತ್ತಾರೆ, ಹಾಗಾಗಿ ಇದು ಕೈಗೆ ಹತ್ತಿರುವುದಿಲ್ಲ. ಕ್ವಿಕ್ ರಿಲೀಸ್ (ತುರ್ತಿಗೆ ಇರುವ ಬಿಡಿಸುವ ಕೊಂಡಿ) ತಳ್ಳಿ ಕೈಟಿನ ಬಲ ಬಿಡಿಸಿ. ಲೀಷ್ (ಕೈಟಿಗೂ ನಿಮಗೂ ಕಟ್ಟಿದ ಸುರಕ್ಷತೆಯ ಹಗ್ಗ) ಹಿಡಿದ ಆ ಒಂದೇ ದಾರವನ್ನು ಎಳೆದುಕೊಳ್ಳುತ್ತ ಬಾರ್‌ವರೆಗೆ ಹೋಗಿ, ಅದೇ ದಾರವನ್ನು ಬಾರಿಗೆ ಏಳೆಂಟು ಸುತ್ತು ಸುತ್ತಿ. ಇದಾಗದೆ ಬೇರೆ ದಾರ ಮುಟ್ಟಿದರೆ ಕೈಟ್ ಮತ್ತೆ ಎದ್ದು ಎಳೆಯುತ್ತದೆ. ಆಮೇಲೆ ಎಲ್ಲ ದಾರವನ್ನೂ ಸೇರಿಸಿ ಸುತ್ತಿ, ಬಿಚ್ಚದ ಹಾಗೆ ಗಂಟು ಹಾಕಿ. ಸುತ್ತುವಾಗ ಬೆರಳು ದಾರದೊಳಗೆ ಸಿಗಬಾರದು. ಕೈಟ್ ತಲುಪಿದ ಮೇಲೆ ಅದರ ಗಾಳಿ ಬಿಡಬೇಡಿ, ಅದೇ ನಿಮ್ಮ ದೋಣಿ. ಒಂದು ತುದಿ ಹಿಡಿದು ಇನ್ನೊಂದನ್ನು ಗಾಳಿಗೆ ಒಡ್ಡಿದರೆ ವಾಯವ್ಯದ ಗಾಳಿ ಓರೆಯಾಗಿ ದಂಡೆಗೆ ತರುತ್ತದೆ. ನೀವು ಆಗ ಎಲ್ಲಿಗೆ ಬಂದು ತಾಗುತ್ತೀರೋ ಅಲ್ಲಿಗೆ ಸ್ಕೂಟರ್ ಹೋಗುವ ದಾರಿ ಇದೆಯಾ ಅನ್ನುವುದನ್ನು ದಂಡೆಯಲ್ಲಿ ನಿಲ್ಲುವವರು ಬೆಳಿಗ್ಗೆಯೇ ಹೋಗಿ ನೋಡಿಟ್ಟಿರಬೇಕು. ಕಾಸರಕೋಡದಿಂದ ಅಪ್ಸರಕೊಂಡದವರೆಗೆ ಒಳರಸ್ತೆ ಎಲ್ಲೆಲ್ಲಿ ದಂಡೆಗೆ ಕೂಡುತ್ತದೆ ಅನ್ನುವುದನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಲಿ.